ಕೆರೆಯ ನೀರಿನ ಲೆಕ್ಕ ಇಡುವುದು ಹೇಗೆ: ದಾವಣಗೆರೆ–ಚಿತ್ರದುರ್ಗ ಸೀಮೆಯ ಕೆರೆ ಪಾಲಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆರೆಯ ನೀರು ಕೆಟ್ಟಿದೆಯೇ ಎಂಬ ಪ್ರಶ್ನೆಗೆ ಒಂದು ಬಾಟಲಿ ನೀರನ್ನು ಒಮ್ಮೆ ಪರೀಕ್ಷಿಸಿ ಉತ್ತರ ಹೇಳಲು ಬರುವುದಿಲ್ಲ. ಒಂದೇ ಕೆರೆ ಬೆಳಗಿನ ಜಾವ ಒಂದು ಅಂಕಿ ತೋರಿಸಿದರೆ ಮಧ್ಯಾಹ್ನ ಮತ್ತೊಂದನ್ನು ತೋರಿಸುತ್ತದೆ. ನಾಲೆಗೆ ನೀರು ಬಿಟ್ಟ ವಾರ ಒಂದು ಬಗೆಯಾದರೆ ನಾಲೆ ನಿಂತ ಮೇಲೆ ಇನ್ನೊಂದು ಬಗೆ. ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಮರುದಿನವಂತೂ ಹಿಂದಿನ ತಿಂಗಳ ಲೆಕ್ಕವೆಲ್ಲ ಬುಡಮೇಲಾಗಿರುತ್ತದೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ವಿಧಾನದಲ್ಲಿ ಅಳೆದು ತಿಂಗಳುಗಟ್ಟಲೆ ಬರೆದಿಟ್ಟ ಪುಸ್ತಕವೊಂದಿದ್ದರೆ ಮಾತ್ರ ಕೆರೆಯ ಪರವಾಗಿ ಗಟ್ಟಿಯಾಗಿ ಮಾತನಾಡಬಹುದು. ಅಂಥ ಪುಸ್ತಕವನ್ನು ಕಟ್ಟುವ ಕ್ರಮವನ್ನು, ಆ ಲೆಕ್ಕವನ್ನು ಕೆರೆಯ ಪಾಲನೆಗೆ ಬಳಸಿಕೊಳ್ಳುವ ದಾರಿಯನ್ನು ಇಲ್ಲಿ ವಿವರಿಸಲಾಗಿದೆ. ಐದಾರು ಜನರ ಒಂದು ಗುಂಪು, ಸ್ವಲ್ಪ ಶಿಸ್ತು ಇದ್ದರೆ ಸಾಕು. ವಿಜ್ಞಾನದ ಪದವಿ ಬೇಕಾಗಿಲ್ಲ.

ಹಂತ 1: ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನಡೆದು ನೋಡಿ

ಪರೀಕ್ಷೆಯ ಕಿಟ್ ಕೊಳ್ಳುವ ಮೊದಲು ಕೆರೆಯ ಸುತ್ತ, ಅದಕ್ಕಿಂತ ಮುಖ್ಯವಾಗಿ ಕೆರೆಗೆ ನೀರು ತರುವ ಹಳ್ಳದ ಗುಂಟ, ಕಾಲ್ನಡಿಗೆಯಲ್ಲಿ ಹೋಗಿ ಬರಬೇಕು. ನಮ್ಮ ಸೀಮೆಯ ಕೆರೆಗಳೆಲ್ಲ ನೋಡಲು ಒಂದೇ ಥರ ಕಂಡರೂ ನೀರಿನ ಮೂಲದ ಲೆಕ್ಕದಲ್ಲಿ ಬೇರೆ ಬೇರೆ ಜಾತಿಗೆ ಸೇರಿದವು. ದಾವಣಗೆರೆ ನಗರದ ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳು ಭದ್ರಾ ನಾಲೆಯ ನೀರನ್ನು ತುಂಬಿಸಿಟ್ಟುಕೊಂಡು ಊರಿಗೆ ಕುಡಿಯಲು ಕೊಡುವ ಕೆರೆಗಳು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ್ದು. ಅದರ ಜಲಾನಯನ ಪ್ರದೇಶವೇ ಸುಮಾರು 330 ಚದರ ಕಿಲೋಮೀಟರ್ ಇರುವುದರಿಂದ ದೂರದ ಹೊಲದಲ್ಲಿ ಹಾಕಿದ ಗೊಬ್ಬರವೂ ಒಂದು ದಿನ ಅಲ್ಲಿಗೆ ಬಂದು ಸೇರುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹೆಚ್ಚಿನ ಕೆರೆಗಳು ಮಳೆಯನ್ನೇ ನಂಬಿದವು, ವರ್ಷಗಟ್ಟಲೆ ಒಣಗಿ ನಿಂತು ಒಂದೇ ಹಿಂಗಾರಿಗೆ ತುಂಬುವಂಥವು. ಇವುಗಳ ಜೊತೆಗೆ ತುಂಗಭದ್ರೆಯಿಂದ ಏತ ನೀರಾವರಿಯ ಪೈಪಿನಲ್ಲಿ ನೀರು ಪಡೆಯುವ ಭರಮಸಾಗರ ಮತ್ತು ಜಗಳೂರು ಭಾಗದ ಕೆರೆಗಳು ಸೇರಿವೆ. ಊರ ಪಕ್ಕದಲ್ಲಿದ್ದು ಚರಂಡಿ ನೀರನ್ನೂ ನುಂಗಬೇಕಾಗಿ ಬಂದ ಕೆರೆಗಳದು ಬೇರೆಯೇ ಕಥೆ.

ಈ ಭೇದ ಏಕೆ ಮುಖ್ಯವೆಂದರೆ, ಒಂದೇ ಅಂಕಿ ಎರಡು ಕೆರೆಗಳಲ್ಲಿ ಎರಡು ಅರ್ಥ ಕೊಡುತ್ತದೆ. ಮಲೆನಾಡಿನಿಂದ ಇಳಿದು ಬರುವ ಭದ್ರೆಯ ನೀರಿನಲ್ಲಿ ಲವಣಾಂಶ ಕಡಿಮೆ. ನಾಲೆ ತುಂಬುವ ಕೆರೆಯಲ್ಲಿ ಲವಣಾಂಶ ಏಕಾಏಕಿ ಏರಿದರೆ ಅನುಮಾನ ಪಡಬೇಕು. ಮಳೆ ಕೆರೆಯಲ್ಲಿ ಬೇಸಿಗೆ ಬಂತೆಂದರೆ ನೀರು ಆವಿಯಾಗಿ ಉಳಿದದ್ದು ಗಟ್ಟಿಯಾಗುವುದರಿಂದ ಅದೇ ಏರಿಕೆ ಸಹಜ. ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರ್‌ಗೂ ಹೆಚ್ಚು ಆವಿಯಾಗಿ ಹೋಗುತ್ತದೆ ಎಂಬುದನ್ನು ನೆನಪಿಡಿ.

ನಡೆಯುವಾಗ ಕಂಡದ್ದನ್ನೆಲ್ಲ ಕೈಯಿಂದ ಬರೆದ ನಕ್ಷೆಯಲ್ಲಿ ಗುರುತಿಸಿ: ಒಳಹರಿವಿನ ಹಳ್ಳಗಳು, ತೂಬು, ಕೋಡಿ, ಬಟ್ಟೆ ಒಗೆಯುವ ಕಲ್ಲುಗಳು, ಲಾರಿ–ಟ್ರ್ಯಾಕ್ಟರ್ ತೊಳೆಯುವ ಜಾಗ, ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಮೂಲೆ, ಗಣಪತಿ ಬಿಡುವ ಕಡೆ. ದಾವಣಗೆರೆ–ಹರಿಹರದ ಕಡೆ ಅಕ್ಕಿ ಗಿರಣಿಯಿಂದ ಬರುವ ಭತ್ತ ನೆನೆಸಿದ ನೀರಿನ ಮೇಲೂ ಕಣ್ಣಿರಲಿ. ನೋಡಲು ಅದು ಚರಂಡಿಯಷ್ಟು ಹೊಲಸಲ್ಲ. ಆದರೆ ಅದರಲ್ಲಿರುವ ಪಿಷ್ಟ ಕೊಳೆಯುವಾಗ ಕೆರೆಯ ಆಮ್ಲಜನಕವನ್ನು ಹೀರಿಬಿಡುತ್ತದೆ. ಚಿತ್ರದುರ್ಗದ ಕೋಟೆಯ ಹೊಂಡಗಳಲ್ಲಿ ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ನೀರು ಇಳಿಯುವ ಏರ್ಪಾಡು ಇರುವುದನ್ನು ನೋಡಿದವರಿಗೆ ಮುಂದಿನ ಮಾತು ಬೇಗ ತಿಳಿಯುತ್ತದೆ: ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಒಳಹರಿವು. ನಿಮ್ಮ ಕೆರೆಯ ರೋಗದ ಮೂಲ ಎರಡು ಊರು ಆಚೆ ಇರಬಹುದು.

ಈ ಕೆಲಸಕ್ಕೆ ತೂಬು ತೆರೆದು ಹೊಲಗಳಿಗೆ ನೀರು ಬಿಡುವ ನೀರುಗಂಟಿಗಿಂತ ಒಳ್ಳೆಯ ಗುರು ಇಲ್ಲ. ಯಾವ ತೂಬು ಸೋರುತ್ತದೆ, ಯಾವ ವರ್ಷ ಕೋಡಿ ಬಿತ್ತು, ಯಾವ ಹಳ್ಳದ ದಿಕ್ಕನ್ನು ಯಾರು ತಿರುಗಿಸಿದರು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಕುರಿ ಕಾಯುವವರನ್ನೂ ಮೀನು ಗುತ್ತಿಗೆ ಹಿಡಿದವರನ್ನೂ ಮಾತನಾಡಿಸಿ. ಮೀನು ಸತ್ತ ದಿನಗಳ ಲೆಕ್ಕ ಅವರ ಬಳಿ ಇರುತ್ತದೆ.

ಹಂತ 2: ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ತಿಳಿಯಿರಿ

ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ಸಾಮಾನ್ಯವಾಗಿ ಪಂಚಾಯತಿ ವ್ಯವಸ್ಥೆಯ ಕೈಯಲ್ಲಿರುತ್ತದೆ. 40ರಿಂದ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಯದು. ಊರೊಳಗಿನವು ನಗರಪಾಲಿಕೆ ಅಥವಾ ನಗರಸಭೆಯವು. ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಪಹಣಿ ಮತ್ತು ಗ್ರಾಮ ನಕ್ಷೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಹಲವರು ಜೌಗು ಪ್ರದೇಶ ಸಂರಕ್ಷಣಾ ನಿಯಮ 2017ರ ಹೆಸರೆತ್ತಿ ಅರ್ಜಿ ಬರೆಯುತ್ತಾರೆ. ಆದರೆ ಕುಡಿಯುವ ನೀರಿಗೆಂದೋ ನೀರಾವರಿಗೆಂದೋ ಮನುಷ್ಯರೇ ಕಟ್ಟಿದ ಕೆರೆಗಳನ್ನು ಆ ನಿಯಮ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನಮ್ಮ ಕಡೆಯ ಬಹುಪಾಲು ಕೆರೆಗಳು ಹಾಗೆ ಕಟ್ಟಿದವೇ ಆದ್ದರಿಂದ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 2014 ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೀರಿಗಿಳಿದು ಮಾದರಿ ತೆಗೆಯುವ ಮೊದಲು ಕೆರೆಯ ಒಡೆತನ ಇರುವವರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆದಿಡುವುದು ಒಳ್ಳೆಯದು. ಕುಡಿಯುವ ನೀರಿನ ಕೆರೆಗಳಲ್ಲಂತೂ ಅನುಮತಿ ಇಲ್ಲದೆ ಇಳಿಯಲೇಬಾರದು.

ಹಂತ 3: ಜಾಗ, ಹೊತ್ತು ಮತ್ತು ಜೀವದ ಎಚ್ಚರ

ಮಧ್ಯಮ ಗಾತ್ರದ ಕೆರೆಗೆ ಮೂರು ಜಾಗ ಸಾಕು: ಮುಖ್ಯ ಒಳಹರಿವು ಕೆರೆಗೆ ಸೇರುವ ಬಾಯಿ, ಏರಿಯ ಬಳಿ ತೂಬಿನ ಪಕ್ಕದ ಆಳದ ನೀರು, ಮತ್ತು ಜನ ಬಳಸುವ ಸೋಪಾನ ಅಥವಾ ದಡ. ನಾಲ್ಕನೆಯದೊಂದು ಬೇಕೆನಿಸಿದರೆ ಕೋಡಿ ಹರಿಯುವಾಗ ಅಲ್ಲಿಯೂ ತೆಗೆಯಿರಿ. ಜಾಗದಲ್ಲಿ ಮಾಸದ ಗುರುತು ಇರಬೇಕು. ಏರಿಯ ಕಲ್ಲಿನ ಮೇಲೆ ಬಣ್ಣದ ಗುರುತು ಹಾಕಿ, ಮೊಬೈಲಿನಲ್ಲಿ ಅಕ್ಷಾಂಶ–ರೇಖಾಂಶ ಬರೆದಿಡಿ.

ಹೊತ್ತಿನ ವಿಷಯದಲ್ಲಿ ಮಾತ್ರ ಹಟ ಬಿಡಬಾರದು. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಮೀನಿನೊಂದಿಗೆ ಸೇರಿ ಆಮ್ಲಜನಕ ಉಸಿರಾಡುತ್ತದೆ. ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ತೀರ ಕಡಿಮೆ, ಇಳಿಹೊತ್ತಿನಲ್ಲಿ ತೀರ ಹೆಚ್ಚು. ಮಧ್ಯಾಹ್ನ ಮಾತ್ರ ಅಳೆಯುವ ಗುಂಪಿಗೆ ಹಸಿರುಗಟ್ಟಿದ ಕೆರೆಯೂ ಆರೋಗ್ಯವಂತ ಕೆರೆಯಂತೆ ಕಾಣುತ್ತದೆ. ತಿಂಗಳಿಗೊಮ್ಮೆ ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ಎಂದು ಗೊತ್ತು ಮಾಡಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಅದೇ ದಿನ ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಅಳೆಯಿರಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವಿನ ಅಂತರ ದೊಡ್ಡದಾದಷ್ಟೂ ಕೆರೆಯಲ್ಲಿ ಗೊಬ್ಬರದ ಅಂಶ ಹೆಚ್ಚು ಸೇರಿದೆ ಎಂದು ತಿಳಿಯಬಹುದು. ಇದರ ಹೊರತಾಗಿ ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ, ನಾಲೆಗೆ ನೀರು ಬಿಟ್ಟಾಗ, ನಾಲೆ ನಿಲ್ಲಿಸಿದಾಗ, ಗಣೇಶ ವಿಸರ್ಜನೆಯ ಹಿಂದೆ–ಮುಂದೆ ಒಂದೊಂದು ಬಾರಿ ಅಳೆಯಲೇಬೇಕು.

ಒಬ್ಬರೇ ನೀರಿನ ಬಳಿ ಹೋಗಬಾರದು. ಈಜು ಬಲ್ಲವರೂ ಸಾಯುವುದು ಕೆರೆಯ ಅಂಗಳದಲ್ಲಿ ಮಣ್ಣು ತೆಗೆದು ಬಿಟ್ಟ ಗುಂಡಿಗಳಲ್ಲಿ. ನೀರು ತುಂಬಿದ ಮೇಲೆ ಅವು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲಿಗಿಂತ ಆಳಕ್ಕೆ ಇಳಿಯದೆ, ಉದ್ದನೆಯ ಬಿದಿರು ಕೋಲಿಗೆ ಬಾಟಲಿ ಕಟ್ಟಿ ನೀರು ತೆಗೆಯುವ ರೂಢಿ ಮಾಡಿಕೊಳ್ಳಿ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಕಾಲಿನಲ್ಲಿ ಗಾಯವಿದ್ದವರು ಕೆಸರಿಗೆ ಇಳಿಯದಿರಲಿ. ಇಲಿ ಜ್ವರ ಹರಡುವುದು ಇಂಥ ನೀರಿನಿಂದಲೇ.

ಹಂತ 4: ಸಲಕರಣೆ

ಒಂದು ಥರ್ಮಾಮೀಟರ್, ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಪಿಎಚ್ ಪೆನ್, ಲವಣಾಂಶ ತಿಳಿಯಲು ವಿದ್ಯುತ್ ವಾಹಕತೆ ತೋರಿಸುವ ಪೆನ್, ಆಮ್ಲಜನಕದ ಕಿಟ್, ಅಮೋನಿಯಾ ಮತ್ತು ನೈಟ್ರೇಟ್ ಕಿಟ್, ಸೆಕ್ಕಿ ತಟ್ಟೆ, ಗುರುತು ಹಾಕಿದ ಹಗ್ಗ, ಐಸ್‌ಪ್ಯಾಕ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆ, ಒಂದು ಗಟ್ಟಿ ರಟ್ಟಿನ ಪುಸ್ತಕ ಮತ್ತು ಪೆನ್ಸಿಲ್. ಇಂಕು ನೀರಿಗೆ ಅಳಿಸಿಹೋಗುತ್ತದೆ, ಪೆನ್ಸಿಲ್ ಅಳಿಸುವುದಿಲ್ಲ.

ಪೆನ್‌ಗಳನ್ನು ಪ್ರತಿ ಬಾರಿ ಹೊರಡುವ ಮೊದಲು ಸರಿಹೊಂದಿಸಬೇಕು. ಪಿಎಚ್‌ಗೆ 7ರ ಬಫರ್ ದ್ರಾವಣ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮತ್ತು 9.18 ಅಥವಾ 10ರ ಬಫರ್ ಸಾಕು. ನಮ್ಮ ಕೆರೆಗಳು ಹೆಚ್ಚಾಗಿ ಕ್ಷಾರದ ಕಡೆಗೇ ವಾಲುತ್ತವೆ. ವಾಹಕತೆಗೆ 1413 ಮೈಕ್ರೋಸೀಮೆನ್ಸ್‌ನ ದ್ರಾವಣ ಸಿಗುತ್ತದೆ. ಅಗ್ಗದ ಫಾಸ್ಫೇಟ್ ಪಟ್ಟಿಗಳಿಗೆ ದುಡ್ಡು ಹಾಕುವುದು ದಂಡ ಎಂಬುದು ನನ್ನ ಅಭಿಪ್ರಾಯ. ಲೀಟರಿಗೆ 0.03 ಮಿಲಿಗ್ರಾಂ ಆಸುಪಾಸಿನ ಒಟ್ಟು ರಂಜಕವೇ ಕೆರೆಯನ್ನು ಹಸಿರುಗಟ್ಟಿಸಲು ಸಾಕು, ಅಷ್ಟು ಸಣ್ಣ ಪ್ರಮಾಣವನ್ನು ಆ ಪಟ್ಟಿಗಳು ಓದಲಾರವು. ‘ಸೊನ್ನೆ’ ಎಂದು ತೋರಿಸಿ ಸುಳ್ಳು ಧೈರ್ಯ ಕೊಡುತ್ತವೆ. ರಂಜಕವನ್ನು ಲ್ಯಾಬಿಗೇ ಬಿಡಿ.

ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡು ಇದೆ. ನಿಮ್ಮ ಪಂಚಾಯತಿಯಲ್ಲಿ ಅಂಥವರಿದ್ದರೆ ಅವರನ್ನು ಗುಂಪಿಗೆ ಸೇರಿಸಿಕೊಳ್ಳಿ. ಬಣ್ಣ ಹೋಲಿಸಿ ಅಂಕಿ ಓದುವ ಅಭ್ಯಾಸ ಅವರಿಗೆ ಆಗಲೇ ಇರುತ್ತದೆ.

ಹಂತ 5: ದಡದಲ್ಲಿಯೇ ಮುಗಿಸಬೇಕಾದ ಅಳತೆಗಳು

ಮೊದಲು ನೀರಿನ ಮಟ್ಟ. ತೂಬಿನ ಕಂಬದ ಮೇಲಿನ ಗುರುತನ್ನೋ ಏರಿಯ ಸೋಪಾನದ ಮೆಟ್ಟಿಲನ್ನೋ ಲೆಕ್ಕಕ್ಕೆ ಹಿಡಿಯಿರಿ. ಹಿರಿಯೂರು ಕಡೆಯವರು ವಾಣಿವಿಲಾಸ ಸಾಗರದ ಮಟ್ಟವನ್ನು ಅಡಿ ಲೆಕ್ಕದಲ್ಲಿ ಬಾಯಿಪಾಠ ಹೇಳುವುದನ್ನು ಕೇಳಿರಬಹುದು. 130 ಅಡಿಯ ಆ ಜಲಾಶಯ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ, ಹಿಂದೆ ಯಾವಾಗ ಬಿದ್ದಿತ್ತು ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಯಾರೋ ಅಷ್ಟು ವರ್ಷ ಮಟ್ಟ ಬರೆದಿಟ್ಟಿದ್ದರಿಂದ. ಮಟ್ಟ ಗೊತ್ತಿಲ್ಲದಿದ್ದರೆ ಉಳಿದ ಯಾವ ಅಂಕಿಯನ್ನೂ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಅನಂತರ ಪಾರದರ್ಶಕತೆ. ಸೆಕ್ಕಿ ತಟ್ಟೆ ಎಂದರೆ 20 ಸೆಂಟಿಮೀಟರ್ ಅಗಲದ, ನಾಲ್ಕು ಭಾಗ ಮಾಡಿ ಕಪ್ಪು–ಬಿಳುಪು ಬಣ್ಣ ಬಳಿದ ದುಂಡು ತಟ್ಟೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಬಹುದು. ಅದನ್ನು ನೆರಳಿನ ಬದಿಯಲ್ಲಿ ಇಳಿಬಿಟ್ಟು, ಕಣ್ಣಿಗೆ ಮರೆಯಾದ ಆಳವನ್ನೂ ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆದು ಸರಾಸರಿ ತೆಗೆಯಿರಿ. ಪುಸ್ತಕಗಳ ಪ್ರಕಾರ 2 ಮೀಟರಿಗಿಂತ ಕಡಿಮೆ ಆಳಕ್ಕೆ ಮರೆಯಾದರೆ ಕೆರೆಯಲ್ಲಿ ಪೋಷಕಾಂಶ ಹೆಚ್ಚಿದೆ, ಅರ್ಧ ಮೀಟರಿಗಿಂತ ಕಡಿಮೆಯಾದರೆ ಮಿತಿಮೀರಿದೆ. ಆದರೆ ಕೆಂಪು ಮಣ್ಣಿನ ಚಿತ್ರದುರ್ಗದಲ್ಲಿ ಮಳೆ ಬಂದ ಮೇಲೆ ಎಂಥ ಶುದ್ಧ ಕೆರೆಯೂ ಅರ್ಧ ಮೀಟರಿಗೆ ಇಳಿಯುತ್ತದೆ, ಅದು ಪಾಚಿಯಲ್ಲ, ಮಣ್ಣು. ಆದ್ದರಿಂದ ಆಳದ ಪಕ್ಕದಲ್ಲಿ ನೀರಿನ ಬಣ್ಣವನ್ನೂ ಬರೆಯಿರಿ: ಹಸಿರೋ, ಚಹಾ ಬಣ್ಣವೋ, ಕೆಂಪೋ, ಬೂದಿಯೋ. ಬಿಳಿ ಲೋಟದಲ್ಲಿ ತುಂಬಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಆಮ್ಲಜನಕವನ್ನು ಅಳೆಯುವ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಒಂದು ಅಳತೆ ಉಳಿದ ಎಲ್ಲಕ್ಕಿಂತ ಹೆಚ್ಚು ಮಾತನಾಡುತ್ತದೆ. ಇದಕ್ಕೆ 1888ರಿಂದ ಬಳಕೆಯಲ್ಲಿರುವ ವಿಂಕ್ಲರ್ ವಿಧಾನವೇ ಇಂದಿಗೂ ಅಗ್ಗ, ನಂಬಿಕಸ್ತ. ಗಾಜಿನ ಬಾಟಲಿಯನ್ನು ಒಂದಡಿ ಆಳದಲ್ಲಿ ಓರೆಯಾಗಿ ಹಿಡಿದು, ಗುಳುಗುಳು ಎನ್ನದಂತೆ ನಿಧಾನವಾಗಿ ತುಂಬಿಸಿ, ನೀರಿನೊಳಗೇ ಬಿರಡೆ ಹಾಕಿ. ಒಳಗೆ ಒಂದು ಗುಳ್ಳೆ ಇದ್ದರೂ ಚೆಲ್ಲಿ ಮತ್ತೆ ತುಂಬಿಸಿ. ಬಳಿಕ ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರ ಅಯೋಡೈಡ್–ಅಜೈಡ್ ದ್ರಾವಣವನ್ನೂ ಡ್ರಾಪರ್‌ನ ತುದಿ ನೀರಿನೊಳಗಿರುವಂತೆ ಬಿಟ್ಟು, ಬಿರಡೆ ಹಾಕಿ, ಬಾಟಲಿಯನ್ನು ಹತ್ತಾರು ಸಲ ಬುಡಮೇಲು ಮಾಡಿ. ಆಮ್ಲಜನಕ ಇದ್ದರೆ ಕಂದು ಬಣ್ಣದ ಮೋಡದಂಥ ಗಷ್ಟು ಏಳುತ್ತದೆ. ಏನೂ ಇಲ್ಲದಿದ್ದರೆ ಗಷ್ಟು ಬಿಳಿಯಾಗಿಯೇ ಉಳಿಯುತ್ತದೆ. ಬಿಳಿ ಗಷ್ಟು ಕಂಡರೆ ಮುಂದೆ ಲೆಕ್ಕ ಹಾಕಬೇಕಾಗಿಯೇ ಇಲ್ಲ, ಆ ನೀರಿನಲ್ಲಿ ಮೀನು ಬದುಕದು. ಗಷ್ಟು ಅರ್ಧ ಬಾಟಲಿಗೆ ಇಳಿದ ಮೇಲೆ ಆಮ್ಲ ಹಾಕಿದರೆ ಅದು ಕರಗಿ ನೀರು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿಗೆ ಆಮ್ಲಜನಕ ಕಟ್ಟಿಹಾಕಿದಂತಾಯಿತು. ಮುಂದಿನ ಕೆಲಸವನ್ನು ನೆರಳಿನಲ್ಲಿ ಕುಳಿತು ಮಾಡಬಹುದು. ಥಯೋಸಲ್ಫೇಟನ್ನು ಹನಿ ಹನಿಯಾಗಿ ಬಿಡುತ್ತ ಬಣ್ಣ ಒಣಹುಲ್ಲಿನಷ್ಟು ತೆಳುವಾದಾಗ ಪಿಷ್ಟದ ದ್ರಾವಣ ಸೇರಿಸಿ, ನೀಲಿಯಾಗುತ್ತದೆ. ಆ ನೀಲಿ ಪೂರ್ತಿ ಹೋಗುವವರೆಗೆ ಹನಿ ಎಣಿಸಿ. ಎಷ್ಟು ಹನಿಗೆ ಎಷ್ಟು ಮಿಲಿಗ್ರಾಂ ಎಂಬುದು ಕಿಟ್‌ನ ಚೀಟಿಯಲ್ಲಿರುತ್ತದೆ. ಆಮ್ಲವೂ ಅಜೈಡೂ ಅಪಾಯದ ವಸ್ತುಗಳು. ಮಕ್ಕಳ ಕೈಗೆ ಕೊಡಬಾರದು, ಬಳಸಿದ ದ್ರಾವಣವನ್ನು ಕೆರೆಗೆ ಚೆಲ್ಲಬಾರದು.

ಬಂದ ಅಂಕಿಯನ್ನು ಉಷ್ಣತೆಯ ಜೊತೆ ಓದಬೇಕು. 30 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ನಮ್ಮ ಎತ್ತರದಲ್ಲಿ 7ರ ಹತ್ತಿರ. ಬೆಳಿಗ್ಗೆ 5ಕ್ಕಿಂತ ಮೇಲಿದ್ದರೆ ಸಮಾಧಾನ. 4ಕ್ಕಿಂತ ಕೆಳಗೆ ಮೀನಿಗೆ ಕಷ್ಟ. 2ರ ಆಸುಪಾಸಿಗೆ ಬಂತೆಂದರೆ ಮೀನು ಮೇಲ್ಗಡೆ ಬಾಯಿ ಬಿಡುತ್ತಿರುತ್ತದೆ. ಮಧ್ಯಾಹ್ನ 12–13 ಬಂದರೆ ಹಿಗ್ಗಬೇಡಿ. ಅದು ಪಾಚಿಯ ಅಬ್ಬರ.

ಪಿಎಚ್ ಮತ್ತು ಅಮೋನಿಯಾಗಳನ್ನು ಎಂದಿಗೂ ಜೊತೆಯಾಗಿಯೇ ಬರೆಯಿರಿ. ನೀರಿನಲ್ಲಿರುವ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವುದು ಒಂದು ಪಾಲು ಮಾತ್ರ, ಆ ಪಾಲನ್ನು ತೀರ್ಮಾನಿಸುವುದು ಪಿಎಚ್ ಮತ್ತು ಉಷ್ಣತೆ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ. ಪಿಎಚ್ 8ಕ್ಕೆ ಏಳೆಂಟು. ಪಿಎಚ್ 9ಕ್ಕೆ ನಲವತ್ತು ದಾಟುತ್ತದೆ. ಹಗಲಿನಲ್ಲಿ ಪಾಚಿಯಿಂದಾಗಿ ಪಿಎಚ್ ಏರುತ್ತದೆ; ಚರಂಡಿ ಸೇರುವ ಕೆರೆಯಲ್ಲಿ ಬೆಳಿಗ್ಗೆ ಚೆನ್ನಾಗಿದ್ದ ಮೀನು ಇಳಿಹೊತ್ತಿಗೆ ಸಾಯುವುದಕ್ಕೆ ಇದೂ ಒಂದು ಕಾರಣ.

ನೈಟ್ರೇಟನ್ನು ಕೆರೆಯ ನಡುವೆ ಹುಡುಕಿ ಪ್ರಯೋಜನವಿಲ್ಲ, ಪಾಚಿ ಅದನ್ನು ತಿಂದು ಮುಗಿಸಿರುತ್ತದೆ. ಒಳಹರಿವಿನ ಬಾಯಲ್ಲಿ, ಕೆರೆಯ ಮೇಲ್ಭಾಗದ ಹೊಲಗಳಿಗೆ ಯೂರಿಯಾ, ಡಿಎಪಿ ಹಾಕಿದ ವಾರದ ನಂತರದ ಮಳೆಗೆ ಅಳೆದರೆ ನಿಜ ಗೊತ್ತಾಗುತ್ತದೆ. ವಾಹಕತೆಯನ್ನು ಮೂರೂ ಜಾಗದಲ್ಲಿ ಅಳೆಯಿರಿ. ಒಂದು ಜಾಗದಲ್ಲಿ ಮಾತ್ರ ಏರಿದ್ದರೆ ಹತ್ತಿರದಲ್ಲೇ ಎಲ್ಲೋ ಕೊಳಚೆ ಸೇರುತ್ತಿದೆ.

ಹಂತ 6: ಲ್ಯಾಬಿಗೆ ಕಳಿಸುವ ಮಾದರಿ

ವರ್ಷಕ್ಕೆ ಮೂರು ಬಾರಿ, ಅಂದರೆ ಮುಂಗಾರಿಗೆ ಮೊದಲು, ಮಳೆಗಾಲದಲ್ಲಿ, ಮತ್ತು ಚಳಿಗಾಲದಲ್ಲಿ, ಲ್ಯಾಬ್ ಪರೀಕ್ಷೆ ಸಾಕು. ಸಾಮಾನ್ಯ ಪರೀಕ್ಷೆಯ ಬಾಟಲಿಯನ್ನು ಅದೇ ಕೆರೆಯ ನೀರಿನಿಂದ ಮೂರು ಸಲ ತೊಳೆದು ತುಂಬಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧೀಕರಿಸಿದ ಬಾಟಲಿಯನ್ನು ಮಾತ್ರ ಹಾಗೆ ತೊಳೆಯಲೇಬಾರದು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬಾರದು. ಐಸ್‌ಪ್ಯಾಕ್‌ನಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ನೀರಿನಲ್ಲಿರುವ ಕೊಳಕು ಕೊಳೆಯುವಾಗ ಎಷ್ಟು ಆಮ್ಲಜನಕ ಹೀರುತ್ತದೆ ಎಂದು ಹೇಳುವ ಬಿಒಡಿ ಪರೀಕ್ಷೆಯನ್ನು ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮಾಡುತ್ತಾರೆ, ಆದ್ದರಿಂದ ಭಾನುವಾರ ನಡುವೆ ಬರದಂತೆ ದಿನ ನೋಡಿ ಕಳಿಸಿ. ಸಿವಿಲ್ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳಲ್ಲಿ ಪರಿಸರ ಪ್ರಯೋಗಾಲಯ ಇರುತ್ತದೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಬೇಕಿರುತ್ತದೆ. ಕೇಳಿ ನೋಡಿ.

ಫಲಿತಾಂಶ ಬಂದಾಗ ಅದನ್ನು ಕುಡಿಯುವ ನೀರಿನ ಮಾನದಂಡಕ್ಕೆ ಹೋಲಿಸಿ ‘ಫೇಲ್’ ಎಂದು ಕೂಗುವುದು ಸರಿಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೇಲ್ಮೈ ನೀರನ್ನು ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ಬಿ ದರ್ಜೆಗೆ ಆಮ್ಲಜನಕ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ 3 ಅಥವಾ ಕಡಿಮೆ, 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್ (ಮಲದ ಕೊಳಕಿನ ಸುಳಿವು ಕೊಡುವ ಬ್ಯಾಕ್ಟೀರಿಯಾ) 500ರೊಳಗೆ ಇರಬೇಕು. ಶುದ್ಧೀಕರಿಸಿ ಕುಡಿಯಲು ಬಳಸುವ ಸಿ ದರ್ಜೆಗೆ ಆಮ್ಲಜನಕ 4, ಬಿಒಡಿ 3, ಕೋಲಿಫಾರ್ಮ್ 5,000. ಮೀನು ಮತ್ತು ವನ್ಯಜೀವಿಗೆ ಸಂಬಂಧಿಸಿದ ಡಿ ದರ್ಜೆಯಲ್ಲಿ ಆಮ್ಲಜನಕ 4 ಇದ್ದು ಮುಕ್ತ ಅಮೋನಿಯಾ, ಅಂದರೆ ಮೀನಿಗೆ ವಿಷವಾಗುವ ಪಾಲು, 1.2ರೊಳಗಿರಬೇಕು. ನೀರಾವರಿಯ ಇ ದರ್ಜೆಗೆ ವಾಹಕತೆ 2,250 ಮೈಕ್ರೋಸೀಮೆನ್ಸ್ ಮೀರಬಾರದು. ನಿಮ್ಮ ಕೆರೆ ಯಾವ ಬಳಕೆಗಿದೆ, ಆ ದರ್ಜೆಯನ್ನು ಮುಟ್ಟಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಚಿತ್ರದುರ್ಗ ಜಿಲ್ಲೆಯಲ್ಲಿ ಫ್ಲೋರೈಡ್ ವಿಷಯ ಬಂದಾಗ ಅದು ಮುಖ್ಯವಾಗಿ ಕೊಳವೆಬಾವಿಯ ನೀರಿನ ತೊಂದರೆ ಎಂಬುದನ್ನು ಮರೆಯಬೇಡಿ. ಕೆರೆ ತುಂಬಿ ಅಂತರ್ಜಲ ಏರಿದಾಗ ಸುತ್ತಲಿನ ಬಾವಿಗಳನ್ನೂ ಪರೀಕ್ಷಿಸಿ ನೋಡುವುದು ಉಪಯುಕ್ತ.

ಹಂತ 7: ಜೀವಿಗಳನ್ನು ಓದುವುದು

ದಡದ ಕಲ್ಲುಗಳನ್ನು ಮಗುಚಿ, ಜಾಳಿಗೆಯಿಂದ ಕಳೆಯ ಬುಡವನ್ನು ಜಾಲಾಡಿ, ಬಿಳಿ ಟ್ರೇಗೆ ಸುರಿಯಿರಿ. ಬಾಲದಲ್ಲಿ ಮೂರು ಕೂದಲೆಳೆಗಳಿರುವ ಮೇಫ್ಲೈ ಮರಿ, ಏರೋಪ್ಲೇನ್ ಚಿಟ್ಟೆಯ ಮರಿ ಕಂಡರೆ ನೀರು ತಕ್ಕಮಟ್ಟಿಗೆ ಚೆನ್ನಾಗಿದೆ. ನೆತ್ತರು ಬಣ್ಣದ ಸಣ್ಣ ಹುಳುಗಳೇ ತುಂಬಿದ್ದರೆ ಕೆಸರಿನಲ್ಲಿ ಆಮ್ಲಜನಕ ಇಲ್ಲ; ಆ ಹುಳುವಿನ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅದು ಅಲ್ಲಿಯೂ ಬದುಕುತ್ತದೆ.

ಹಕ್ಕಿಗಳನ್ನು ಜನವರಿಯಲ್ಲಿ, ಏಷ್ಯಾದ ನೀರುಹಕ್ಕಿ ಗಣತಿಯ ವಾರದಲ್ಲಿಯೇ ಎಣಿಸಿದರೆ ನಿಮ್ಮ ಲೆಕ್ಕ ಬೇರೆ ಊರಿನ ಲೆಕ್ಕದ ಪಕ್ಕ ನಿಲ್ಲುತ್ತದೆ. ಗುಳುಮುಳುಕ, ನಾಮದ ಕೋಳಿ, ವರಟೆ, ನೀರುಕಾಗೆ ಇವಿಷ್ಟನ್ನು ಗುರುತಿಸಲು ಕಲಿತರೂ ಆರಂಭಕ್ಕೆ ಸಾಕು.

ಪಾಚಿಯ ಬಗ್ಗೆ ಎಚ್ಚರ ಬೇಕು. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ವಿಷ ಉಂಟುಮಾಡಬಲ್ಲ ನೀಲಿ–ಹಸಿರು ಬ್ಯಾಕ್ಟೀರಿಯಾ ಇರಬಹುದು. ಒಂದು ಕೋಲಿನಿಂದ ಎತ್ತಿ ನೋಡಿ: ಕೂದಲಿನಂತೆ ನೇತಾಡಿದರೆ ಸಾಮಾನ್ಯ ಪಾಚಿ, ಕೋಲಿಗೆ ಬಣ್ಣದಂತೆ ಮೆತ್ತಿಕೊಂಡರೆ ಅನುಮಾನ. ಗಾಜಿನ ಜಾಡಿಯಲ್ಲಿ ಮುಕ್ಕಾಲು ತುಂಬಿಸಿ ರಾತ್ರಿಯಿಡೀ ಅಲುಗಾಡಿಸದೆ ಫ್ರಿಜ್‌ನಲ್ಲಿಟ್ಟರೆ ಅದು ಮೇಲೆ ತೇಲಿ ಹಸಿರು ಉಂಗುರ ಕಟ್ಟುತ್ತದೆ. ಹಾಗೆ ಕಂಡ ದಿನವೇ ಡಂಗುರ ಸಾರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಹಾಕಿ, ದನಕರುಗಳನ್ನು ಆ ದಡಕ್ಕೆ ಬಿಡದಂತೆ ತಿಳಿಸಿ. ಕುದಿಸಿದರೆ ಆ ವಿಷ ಹೋಗುವುದಿಲ್ಲ.

ಹಂತ 8: ಲೆಕ್ಕದಿಂದ ಪಾಲನೆಗೆ

ಅಂತರಗಂಗೆಯನ್ನು ಕಿತ್ತು ಏರಿಯ ಮೇಲೆ ರಾಶಿ ಹಾಕುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಅದು ಕೊಳೆತು, ಮೊದಲ ಮಳೆಗೆ ತನ್ನೊಳಗಿನ ಗೊಬ್ಬರವನ್ನೆಲ್ಲ ಮತ್ತೆ ಕೆರೆಗೇ ಇಳಿಸುತ್ತದೆ. ಹೂ ಬಿಡುವ ಮೊದಲೇ ತೆಗೆದು, ಅಂಗಳದ ಆಚೆ ಗೊಬ್ಬರದ ಗುಂಡಿಗೆ ಸಾಗಿಸಬೇಕು. ಕಳೆನಾಶಕ ಸಿಂಪಡಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಒಟ್ಟಿಗೆ ಸತ್ತ ಕಳೆ ಕೊಳೆಯುವಾಗ ಇರುವ ಆಮ್ಲಜನಕವೂ ಹೋಗುತ್ತದೆ. ಒಳಹರಿವಿನ ಬಾಯಲ್ಲಿ ಬೆಳೆದ ಜೊಂಡನ್ನು ಮಾತ್ರ ಪೂರ್ತಿ ಕೀಳದೆ ಒಂದಷ್ಟು ಉಳಿಸಿ, ಅದು ಹೂಳನ್ನೂ ಪೋಷಕಾಂಶವನ್ನೂ ತಡೆದು ನಿಲ್ಲಿಸುತ್ತದೆ. ಅದರ ಮೇಲ್ಭಾಗದಲ್ಲಿ ಹೂಳು ತಡೆಯುವ ಸಣ್ಣ ಗುಂಡಿಯೊಂದಿದ್ದರೆ ವರ್ಷಕ್ಕೊಮ್ಮೆ ಅದನ್ನೊಂದೇ ಖಾಲಿ ಮಾಡಿದರೂ ನಡೆಯುತ್ತದೆ.

ಬೇಸಿಗೆಯಲ್ಲಿ ಹೂಳೆತ್ತುವಾಗ ಏರಿಯ ಬುಡದಿಂದ ಸಾಕಷ್ಟು ದೂರ ಬಿಟ್ಟು, ತೂಬಿನ ಮಟ್ಟಕ್ಕಿಂತ ಕೆಳಗೆ ಬಗೆಯದಂತೆ, ತಳದ ಗಟ್ಟಿ ಜೇಡಿ ಪದರ ಒಡೆಯದಂತೆ ನೋಡಿಕೊಳ್ಳಿ. ಆ ಪದರ ಹೋಯಿತೆಂದರೆ ನೀರು ನಿಲ್ಲುವುದಿಲ್ಲ. ರೈತರು ಕೆರೆ ಗೋಡನ್ನು ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕೆರೆಯ ಗೋಡನ್ನು ಮಾತ್ರ ಭಾರಲೋಹದ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ. ಇನ್ನು ವನಮಹೋತ್ಸವದ ಹುಮ್ಮಸ್ಸಿನಲ್ಲಿ ಏರಿಯ ಮೇಲೆ ಮರ ನೆಡುವುದು ಬೇಡ. ಬೇರು ಸತ್ತು ಕೊಳೆತ ದಾರಿಯಲ್ಲೇ ನೀರು ಜಿನುಗಿ ಏರಿ ಒಡೆಯುತ್ತದೆ. ನೆಡುವ ಸಸಿಗಳಿಗೆ ಅಂಗಳದ ಹೊರಗಿನ ಗಡಿ ಜಾಗ ಕೊಡಿ, ಅಲ್ಲಿ ಒತ್ತುವರಿಗೂ ಅವು ಅಡ್ಡ ನಿಲ್ಲುತ್ತವೆ. ಮೀನುಮರಿ ಬಿಡುವಾಗ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿಲ್ಲ ಎಂಬುದನ್ನು ಗುತ್ತಿಗೆದಾರರ ಎದುರೇ ನೋಡಿಕೊಳ್ಳಿ.

ಹಂತ 9: ಪುಸ್ತಕ ಮತ್ತು ದೂರು

ಪ್ರತಿ ಸಾಲಿನಲ್ಲಿ ದಿನಾಂಕ, ಹೊತ್ತು, ಜಾಗದ ಸಂಖ್ಯೆ, ಹಿಂದಿನ ಮೂರು ದಿನದ ಮಳೆ, ನಾಲೆ ಹರಿಯುತ್ತಿತ್ತೇ ಇಲ್ಲವೇ, ಮಟ್ಟ, ಬಣ್ಣ, ಅಂಕಿಗಳು, ಅಳೆದವರ ಹೆಸರು ಇರಲಿ. ತಪ್ಪು ಬರೆದರೆ ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಪ್ರತಿ ತಿಂಗಳು ಪುಟದ ಫೋಟೋ ತೆಗೆದು ಗುಂಪಿನಲ್ಲಿ ಹಾಕಿ, ಗೂಗಲ್ ಶೀಟಿಗೂ ಏರಿಸಿ. ಪುಸ್ತಕ ಕಳೆದರೂ ಲೆಕ್ಕ ಉಳಿಯುತ್ತದೆ.

ಕೊಳಚೆ ಸೇರುವುದು ಖಚಿತವಾದಾಗ ಒಂದು ಕಾನೂನಿನ ಸಂಗತಿ ನೆನಪಿರಲಿ. ಜಲ ಮಾಲಿನ್ಯ ತಡೆ ಕಾಯ್ದೆ 1974ರ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನಿಗದಿತ ಕ್ರಮದಲ್ಲಿ ತೆಗೆದ ಮಾದರಿಯೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ನಿಮ್ಮ ಕಿಟ್‌ನ ಅಂಕಿ ಆಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘ಇಂಥವರು ವಿಷ ಬಿಡುತ್ತಿದ್ದಾರೆ’ ಎಂದು ಬರೆಯುವ ಬದಲು, ಇಂಥ ಜಾಗದಲ್ಲಿ, ಇಂಥ ವಾರಗಳಲ್ಲಿ, ಬೆಳಿಗ್ಗೆ ಇಷ್ಟು ಹೊತ್ತಿಗೆ ಅಮೋನಿಯಾ ಇಷ್ಟಕ್ಕೇರುತ್ತಿದೆ, ಆಮ್ಲಜನಕ ಇಷ್ಟಕ್ಕಿಳಿಯುತ್ತಿದೆ, ಆ ಹೊತ್ತಿಗೇ ಬಂದು ಮಾದರಿ ತೆಗೆಯಿರಿ ಎಂದು ಕೇಳಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಒಂದು ಪ್ರತಿ, ಕೆರೆಯ ಒಡೆತನದ ಇಲಾಖೆಗೆ ಒಂದು, ಜಿಲ್ಲಾಧಿಕಾರಿಗಳಿಗೆ ಒಂದು. ಲಗತ್ತಾಗಿ ಆರು ತಿಂಗಳ ಲೆಕ್ಕದ ಪುಟಗಳು, ಜಾಗದ ನಕ್ಷೆ, ಒಂದೇ ಕೋನದಿಂದ ತೆಗೆದ ಫೋಟೋಗಳು ಇರಲಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಅರ್ಜಿಯ ಮೇಲೆ ಕೈಗೊಂಡ ಕ್ರಮವನ್ನೂ ಮಂಡಳಿ ತೆಗೆದ ಮಾದರಿಯ ವರದಿಯನ್ನೂ ಮಾಹಿತಿ ಹಕ್ಕಿನಡಿ ಕೇಳಿ, ಬಂದ ವರದಿಯ ಅಂಕಿಗಳನ್ನು ನಿಮ್ಮ ಪುಸ್ತಕದ ಅದೇ ದಿನಾಂಕದ ಸಾಲಿನ ಪಕ್ಕದಲ್ಲಿ ಬರೆದುಕೊಳ್ಳಿ.